ಕೊಟ್ಟಿಗೆಯಲ್ಲಿ ಮಲಗಿದ ಹಳೆ ದೋಣಿ ಇಂಜಿನ್ ಎಬ್ಬಿಸುವುದು: ಮೊದಲು ನೀರು, ಆಮೇಲೆ ಬೆಂಕಿ

ನಮ್ಮ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಹರಿದ ಬಲೆಯ ಕೆಳಗೆ, ಒಂದು ಇಂಜಿನ್ 16 ವರ್ಷ ಬಿದ್ದುಕೊಂಡಿತ್ತು. ಯಮಹಾದ 8 ಎಚ್‌ಪಿ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಇಂಜಿನ್. ಎರಡು ಸಿಲಿಂಡರ್, ಟೂ ಸ್ಟ್ರೋಕ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಅಪ್ಪಯ್ಯ ಅದನ್ನು 1991ರಲ್ಲಿ ತಂದಿದ್ದರು. ನಾನಾಗ ಮೂರನೇ ಕ್ಲಾಸು. ಅದನ್ನು ದೋಣಿಗೆ ಕಟ್ಟುವ ಮೊದಲು ಅಮ್ಮ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಮನೆ ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ಬದಿಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಮೀನಿಗೆ ಹೋಗುವಂತಿಲ್ಲ. 10 ಎಚ್‌ಪಿಯೊಳಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ಆಗಲೂ ಅವಕಾಶ ಇದೆ. ಅದಕ್ಕೇ ಇಲ್ಲಿ ಸುಮಾರು ಮನೆಗಳಲ್ಲಿ ಇಂಥ ಸಣ್ಣ ಇಂಜಿನ್‌ಗಳಿವೆ, ಹಳೆಯವು ಮೂಲೆ ಸೇರಿವೆ. ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೇಳಿಕೊಂಡು ಬರುತ್ತಾರೆ. ದಯವಿಟ್ಟು ಕೊಡಬೇಡಿ. ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೆಕ್ಯಾನಿಕ್ ಅಲ್ಲ. ಬೇಸಿಗೆ ರಜೆಯ ಐದು ವಾರ, ಚಿಕ್ಕಪ್ಪನ ಮಗ ತಮ್ಮನ ಎರಡು ಕೈ, ಜಗಲಿಯ ಕುರ್ಚಿಯಲ್ಲಿ ಕೂತ ಅಪ್ಪಯ್ಯನ ಮಾತು ಇಷ್ಟರಲ್ಲೇ ಕೆಲಸ ಆಯಿತು. ಅಪ್ಪಯ್ಯನಿಗೀಗ 79. ಮಂಡಿ ನೋವು, ಕೆಳಗೆ ಕೂರಲಿಕ್ಕೆ ಆಗುವುದಿಲ್ಲ. ಆದರೆ ಯಾವ ಬೋಲ್ಟ್ ಎಲ್ಲಿದೆ ಅನ್ನುವುದು ಅವರ ಬೆರಳಿಗೆ ಇನ್ನೂ ಗೊತ್ತಿದೆ.

ಹಗ್ಗ ಎಳೆಯಬೇಡಿ

ಹಳೆ ಇಂಜಿನ್ ಸಿಕ್ಕಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಹೊಸ ಪ್ಲಗ್ ಹಾಕುವುದು, ಸ್ವಲ್ಪ ಪೆಟ್ರೋಲ್ ಸುರಿಯುವುದು, ಹಗ್ಗ ಎಳೆಯುವುದು. ಎಷ್ಟೋ ಸಲ ಇಂಜಿನ್ ಸ್ಟಾರ್ಟ್ ಆಗಿಬಿಡುತ್ತದೆ. ಅಪಾಯ ಇರುವುದೂ ಅಲ್ಲೇ.

ಈ ಇಂಜಿನ್ ತಣ್ಣಗಿರುವುದು ಹೊಳೆಯ ನೀರಿನಿಂದ. ಕೆಳಗಿನ ಗೇರ್ ಬಾಕ್ಸಿನ ಮೇಲೆ ಒಂದು ಪುಟ್ಟ ಪಂಪ್ ಇದೆ. ಅದರೊಳಗೆ ರಬ್ಬರಿನ ಚಕ್ರ, ಅದಕ್ಕೆ ಇಂಪೆಲ್ಲರ್ ಅನ್ನುತ್ತಾರೆ. ಅದು ನೀರನ್ನು ಎಳೆದು ಸಿಲಿಂಡರಿನ ಸುತ್ತ ಕಳಿಸುತ್ತದೆ. ವರ್ಷಗಟ್ಟಲೆ ಒಣಗಿದ ರಬ್ಬರ್ ಬಿಸ್ಕತ್ತಿನ ಹಾಗೆ ಆಗಿರುತ್ತದೆ. ನೀರಿಲ್ಲದೆ ತಿರುಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಅದರ ರೆಕ್ಕೆ ಮುರಿಯುತ್ತದೆ. ಮುರಿದ ಚೂರು ನೀರಿನ ದಾರಿಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಇಂಜಿನ್ ಚೆಂದ ಓಡುತ್ತಿದೆ ಅಂತ ನಾವು ಖುಷಿಯಲ್ಲಿ ನಿಂತಿರುವಾಗಲೇ ಒಳಗೆ ಪಿಸ್ಟನ್ ಉಬ್ಬಿ ಹಿಡಿದುಕೊಳ್ಳುತ್ತದೆ. ನಮ್ಮ ಕೇರಿಯಲ್ಲೇ ಒಂದು ಒಳ್ಳೆಯ 9.9 ಎಚ್‌ಪಿ ಇಂಜಿನ್ ಹೀಗೆ ಹೋಯಿತು. ಹತ್ತು ವರ್ಷ ಸುಮ್ನೆ ಮಲಗಿದ್ದಾಗ ಅದಕ್ಕೇನೂ ಆಗಿರಲಿಲ್ಲ.

ಅದಕ್ಕೇ ಅಪ್ಪಯ್ಯ ಮೊದಲ ದಿನವೇ ಹೇಳಿದರು: "ಮೊದ್ಲ್ ನೀರ್ ಬತ್ತಾ ಕಾಣ್. ಗಡಿಬಿಡಿ ಮಾಡೂಕಾಗ ಮಗಾ." ನಾನು ಈ ಬರಹದಲ್ಲಿ ಹೇಳುವುದೂ ಇದೇ ಕ್ರಮವನ್ನು. ಮೊದಲು ನೀರಿನ ದಾರಿ. ಆಮೇಲೆ ಕಿಡಿ. ಎಲ್ಲಕ್ಕಿಂತ ಕೊನೆಗೆ ಪೆಟ್ರೋಲ್.

ಮೊದಲ ವಾರ ಸುಮ್ನೆ ನೋಡುವುದು, ನೆನೆಸುವುದು

ಇಂಜಿನ್ನನ್ನು ನೆಲದ ಮೇಲೆ ಮಲಗಿಸಿ ಕೆಲಸ ಮಾಡಬೇಡಿ. ಎರಡು ಗಟ್ಟಿ ಕಂಬದ ನಡುವೆ ಎರಡಿಂಚಿನ ಹಲಗೆ ಹೊಡೆದು, ದೋಣಿಗೆ ಕಚ್ಚಿಸಿದ ಹಾಗೆ ಕ್ಲಾಂಪಿನಿಂದ ನೇತುಹಾಕಿ. ನಾವು ತೆಂಗಿನ ಬೊಡ್ಡೆ ಹುಗಿದು ಮಾಡಿಕೊಂಡೆವು.

ಮೇಲಿನ ಮುಚ್ಚಳ ತೆಗೆದಾಗ ಒಳಗೆ ಇಲಿ ಮಾಡಿದ ತೆಂಗಿನ ನಾರಿನ ಗೂಡು ಇತ್ತು. ತಂತಿ ಕಚ್ಚಿಲ್ಲ, ಪುಣ್ಯ. ನೀರು ಹೊರಗೆ ಬೀಳುವ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಕಲ್ಲು ಮಾಡಿಟ್ಟಿತ್ತು. ಫ್ಯಾನಿನ (ನೀರನ್ನು ತಳ್ಳಿ ದೋಣಿ ಓಡಿಸುವ ಪ್ರೊಪೆಲ್ಲರ್) ನಡುವೆ ಹೊಗೆ ಬರುವ ದಾರಿಯಲ್ಲೂ ಒಂದು ಗೂಡು. ನಮ್ಮೂರಿನ ಕೊಟ್ಟಿಗೆಯಲ್ಲಿಟ್ಟ ಯಾವ ಇಂಜಿನ್ನಿಗೂ ಇದು ತಪ್ಪಿದ್ದಲ್ಲ. ಹಾಗಾಗಿ ಕಾಣುವ ಪ್ರತಿ ತೂತಿಗೂ ಬಗ್ಗುವ ತಂತಿ ಹಾಕಿ ನೋಡಿ. ನೀರು ಒಳಗೆ ಹೋಗುವ ಜಾಲರಿಯನ್ನೂ ಬಿಡಬೇಡಿ.

ಆಮೇಲೆ ಪ್ಲಗ್ ಎರಡನ್ನೂ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ಮರಳು, ಉಪ್ಪಿನ ಪುಡಿ ಊದಿ ತೆಗೆಯಿರಿ, ಇಲ್ಲದಿದ್ದರೆ ಎಲ್ಲವೂ ಸಿಲಿಂಡರಿಗೆ ಬೀಳುತ್ತದೆ. ಪ್ರತಿ ಸಿಲಿಂಡರಿಗೆ ಎರಡು ಚಮಚ 2ಟಿ ಎಣ್ಣೆ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಮತ್ತು ಡೀಸೆಲ್ ಸಮ ಸಮ ಬೆರೆಸಿ ಹಾಕಿ. ತೂತಿಗೆ ಬಟ್ಟೆ ತುರುಕಿ ಎರಡು ದಿನ ಬಿಡಿ. ಮೂರನೇ ದಿನ ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿಕೊಂಡು, ಮೇಲಿನ ದೊಡ್ಡ ಚಕ್ರವಾದ ಫ್ಲೈವೀಲನ್ನು ಎರಡೂ ಕೈಯಿಂದ ಮೆಲ್ಲಗೆ ತಿರುಗಿಸಿ. ಹಗ್ಗ ಎಳೆದಾಗ ಯಾವ ಕಡೆ ತಿರುಗುತ್ತದೋ ಅದೇ ಕಡೆ. ಉಲ್ಟಾ ತಿರುಗಿಸಿದರೆ ಕೆಳಗೆ ಇಂಪೆಲ್ಲರಿನ ರೆಕ್ಕೆ ಮಡಚಿಕೊಳ್ಳುತ್ತದೆ.

ನಮ್ಮದು ಮೊದಲ ದಿನ ಅಲುಗಲಿಲ್ಲ. ಮತ್ತೆ ಎಣ್ಣೆ ಹಾಕಿ ನಾಲ್ಕು ದಿನ ಬಿಟ್ಟೆವು. ಐದನೇ ದಿನ ಬೆಳಿಗ್ಗೆ ಒಂದು ಬೆರಳಷ್ಟು ತಿರುಗಿತು. ಆ ಸದ್ದು ಕೇಳಿ ಅಪ್ಪಯ್ಯ ಕುರ್ಚಿಯಿಂದ ಎದ್ದು ನಿಂತರು. ಜೋರು ಮಾಡಿ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದಿದ್ದರೆ ಪಿಸ್ಟನ್ನಿನ ರಿಂಗ್ ಮುರಿಯುತ್ತಿತ್ತು. ಇಲ್ಲಿ ತಾಳ್ಮೆಗೆ ಖರ್ಚಿಲ್ಲ, ಅವಸರಕ್ಕೆ ಇದೆ.

ಸುಲಭವಾಗಿ ತಿರುಗಲು ಶುರುವಾದ ಮೇಲೆ, ಸಾಧ್ಯವಾದರೆ ಗ್ಯಾರೇಜಿನವರ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ತಂದು ಎರಡೂ ಸಿಲಿಂಡರ್ ಅಳೆಯಿರಿ. ಸೀಮೆಎಣ್ಣೆ ಇಂಜಿನ್‌ಗಳಲ್ಲಿ ಕಂಪ್ರೆಷನ್ ಸ್ವಲ್ಪ ಕಡಿಮೆಯೇ ಇರುತ್ತದೆ, ಸಂಖ್ಯೆ ನೋಡಿ ಹೆದರಬೇಡಿ. ಎರಡರ ನಡುವೆ ನೂರಕ್ಕೆ ಹತ್ತರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅದೇ ಮುಖ್ಯ.

ಬೋಲ್ಟ್ ಎಂಬ ದೊಡ್ಡ ಪರೀಕ್ಷೆ

ಉಪ್ಪು ನೀರಿನ ಇಂಜಿನ್ನಿನಲ್ಲಿ ಕಷ್ಟದ ಕೆಲಸ ಅಂದರೆ ಬೋಲ್ಟ್ ಬಿಚ್ಚುವುದು. ಬಾಕಿ ಎಲ್ಲ ಇದರ ಮುಂದೆ ಸುಲಭ. ಸ್ಟೀಲ್ ಬೋಲ್ಟ್, ಅಲ್ಯೂಮಿನಿಯಂ ಮೈ, ನಡುವೆ ಉಪ್ಪು ನೀರು. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಿಂಬೆಹಣ್ಣಿಗೆ ಎರಡು ಲೋಹ ಚುಚ್ಚಿ ಕರೆಂಟ್ ಬರಿಸಿ ತೋರಿಸುತ್ತೇನಲ್ಲ, ಅದೇ ಕೆಲಸ ಇಲ್ಲಿ ವರ್ಷಗಟ್ಟಲೆ ನಡೆದಿರುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ, ಆ ಪುಡಿ ಉಬ್ಬಿ ಬೋಲ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ನಾನು ಗೇರ್ ಬಾಕ್ಸಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒಂದೇ ಸಲ ಎಳೆದೆ. ತಲೆ ಕಟ್ ಆಗಿ ಕೈಗೆ ಬಂತು. ಆ ಸಂಜೆ ನನಗೆ ಊಟ ಸೇರಲಿಲ್ಲ. ಅಪ್ಪಯ್ಯ ಬೈಯಲಿಲ್ಲ. ಉಳಿದ ಬೋಲ್ಟ್‌ಗಳನ್ನು ಹೇಗೆ ತೆಗೆಯಬೇಕು ಅಂತ ಮಾತ್ರ ಹೇಳಿಕೊಟ್ಟರು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಹತ್ತಾರು ಸಲ ತಟ್ಟಬೇಕು. ಆಮೇಲೆ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಅನ್ನು ಗ್ಯಾಸ್ ಟಾರ್ಚಿನಿಂದ ಬಿಸಿ ಮಾಡಬೇಕು. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಟಾರ್ಚ್ ಹಚ್ಚುವ ಮೊದಲು ಆ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಟ್ಯಾಂಕ್, ಪೈಪ್, ಪೆಟ್ರೋಲ್ ಎಲ್ಲ ಅಂಗಳದಾಚೆ ಇರಲಿ. ಬಿಸಿ ಆದ ಮೇಲೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಆಮೇಲೆ ಬಿಚ್ಚಬೇಕು. ಅಲುಗಿದ ಮೇಲೂ ಒಂದೇ ಸಮ ತಿರುಗಿಸಬಾರದು. ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ, ಮತ್ತೆ ಎಣ್ಣೆ. ಹೀಗೆ ಮಾಡಿದ ಮೇಲೆ ಒಂದೂ ಮುರಿಯಲಿಲ್ಲ. ಮೊದಲು ಮುರಿದದ್ದನ್ನು ಲೇತ್ ಅಂಗಡಿಯಲ್ಲಿ ಕೊರೆಸಿ ಹೊಸ ಥ್ರೆಡ್ ಹಾಕಿಸಿದೆವು.

ವಾಪಸ್ ಹಾಕುವಾಗ ಪ್ರತಿ ಬೋಲ್ಟಿಗೂ ನೀರಿಗೆ ಜಗ್ಗದ ಗ್ರೀಸ್ ಹಚ್ಚಿ. ಮುಂದೆ ಬಿಚ್ಚುವವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ನೀರಿನ ದಾರಿ

ಗೇರ್ ಬಾಕ್ಸ್ ಕೆಳಗಿಳಿಸುವ ಮೊದಲು ಗೇರ್ ಹಾಕುವ ಸರಳಿನ ಜೋಡಣೆ ಬಿಚ್ಚಬೇಕು. ಅದು ಇರುವಾಗಲೇ ಎಳೆದರೆ ಸರಳು ಬಗ್ಗುತ್ತದೆ. ಇಳಿಸಿದ ಮೇಲೆ ಮೇಲ್ಗಡೆ ಕಾಣುವ ಸಣ್ಣ ಡಬ್ಬಿಯೇ ಪಂಪ್. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ. ಒಳಗೆ ಶಾಫ್ಟಿನ ಮೇಲೆ ಒಂದು ಪುಟ್ಟ ಕೀ ಇದೆ, ಉಗುರಿನಷ್ಟು. ಅದು ಬಿದ್ದು ಕಳೆದುಹೋದರೆ ಇಂಪೆಲ್ಲರ್ ತಿರುಗುವುದೇ ಇಲ್ಲ. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಕೊಂಡೇ ಕೆಲಸ ಮಾಡಿ.

ಈ ಪಂಪಿನ ರಚನೆ ನನಗೆ ಬಹಳ ಇಷ್ಟವಾಯಿತು, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಶಾಫ್ಟ್ ಡಬ್ಬಿಯ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿದೆ. ಹಾಗಾಗಿ ರಬ್ಬರಿನ ರೆಕ್ಕೆ ಒಂದು ಕಡೆ ಮಡಚುತ್ತದೆ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ನೀರನ್ನು ಒಳಗೆಳೆಯುತ್ತದೆ, ಮಡಚುವಾಗ ಮೇಲಕ್ಕೆ ದೂಡುತ್ತದೆ. ಇಂಜಿನ್ ನಿಧಾನ ಇರುವಾಗ ಹೀಗೆ. ವೇಗ ಜಾಸ್ತಿಯಾದಾಗ ನೀರಿನ ಒತ್ತಡಕ್ಕೆ ರೆಕ್ಕೆಗಳು ಬಗ್ಗಿ, ಮಾಮೂಲಿ ಬಾವಿ ಪಂಪಿನ ಹಾಗೆ ನೀರನ್ನು ಬೀಸಿ ಎಸೆಯುತ್ತದೆ. ಒಂದೇ ರಬ್ಬರ್ ಚಕ್ರಕ್ಕೆ ಎರಡು ಬಗೆಯ ಕೆಲಸ. ಅದರ ರೆಕ್ಕೆ ಬಗ್ಗಿದ ಹಾಗೇ ಗಟ್ಟಿಯಾಗಿ ನಿಂತಿದ್ದರೆ ಈ ಎರಡೂ ನಡೆಯುವುದಿಲ್ಲ.

ನಮ್ಮದರಲ್ಲಿ ಆರು ರೆಕ್ಕೆಯಲ್ಲಿ ಒಂದು ಇರಲೇ ಇಲ್ಲ. ಇರಲಿಲ್ಲ ಅಂದರೆ ಎಲ್ಲೋ ಇದೆ ಅಂತ ಅರ್ಥ. ಮೇಲಕ್ಕೆ ಹೋಗುವ ತಾಮ್ರದ ಪೈಪಿಗೆ ನೀರು ಬಿಟ್ಟರೆ ಸಣ್ಣಗೆ ತೊಟ್ಟಿಕ್ಕಿತು. ಪೈಪ್ ಬಿಚ್ಚಿ ಊದಿದಾಗ ಆ ಚೂರು ಹೊರಬಿತ್ತು, ಕಡಲೆಕಾಳಿನಷ್ಟು. ಇದನ್ನು ಹುಡುಕದೆ ಹೊಸ ಇಂಪೆಲ್ಲರ್ ಹಾಕಿದ್ದರೆ ಎಲ್ಲಾ ಶ್ರಮ ದಂಡ.

ಹೊಸದು ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಕ್ಲಾಂಪಿನ ಹತ್ತಿರ ತಗಡಿನ ಮೇಲೆ ಇರುವ ಮಾಡೆಲ್ ನಂಬರನ್ನೂ ಬರೆದುಕೊಳ್ಳಿ. ಒಂದು ಅಂಗಡಿಯಲ್ಲಿ ನನಗೆ ಕೊಟ್ಟದ್ದು ನೋಡಲಿಕ್ಕೆ ಅದೇ ಥರ ಇತ್ತು. ಮನೆಗೆ ತಂದು ಕೂರಿಸಿದರೆ ರೆಕ್ಕೆ ಡಬ್ಬಿಯ ಗೋಡೆಗೆ ತಾಗುತ್ತಲೇ ಇರಲಿಲ್ಲ. ಎರಡನೇ ಸಲ ಹಳೆಯದರ ಮೇಲಿಟ್ಟು ಅಳತೆ ನೋಡಿಯೇ ತಂದೆ. ಕೂರಿಸುವಾಗ ಒಳಗೆ ಸ್ವಲ್ಪ ಗ್ರೀಸ್ ಸವರಿ, ಶಾಫ್ಟನ್ನು ಅದು ತಿರುಗುವ ಕಡೆಗೇ ತಿರುಗಿಸುತ್ತಾ ಡಬ್ಬಿಯನ್ನು ಒತ್ತಿ. ರೆಕ್ಕೆಗಳು ಸರಿ ದಿಕ್ಕಿಗೆ ಮಡಚಿಕೊಳ್ಳುತ್ತವೆ. ಕೆಳಗಿನ ಸ್ಟೀಲ್ ತಟ್ಟೆಯಲ್ಲಿ ಬೆರಳುಗುರಿಗೆ ಸಿಗುವಷ್ಟು ಗೀರು ಇದ್ದರೆ ಅದನ್ನೂ ಬದಲಿಸಿ.

ಮೇಲೆ ಸಿಲಿಂಡರಿನ ಹತ್ತಿರ ಥರ್ಮೋಸ್ಟಾಟ್ (ಬಿಸಿಗೆ ತಾನೇ ತೆರೆದುಕೊಳ್ಳುವ ಕವಾಟ) ಇದ್ದರೆ ತೆಗೆದು, ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ. ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು. ನಮ್ಮದು ತೆರೆಯಲಿಲ್ಲ, ಒಳಗೆ ಉಪ್ಪು ಗಟ್ಟಿಯಾಗಿತ್ತು. ಬೇರೆ ತಂದೆವು. ಥರ್ಮೋಸ್ಟಾಟ್ ತೆಗೆದ ಜಾಗದಿಂದ ಬೆಚ್ಚಗಿನ ಸಿಹಿನೀರು ಹತ್ತಾರು ಸಲ ಹೊಯ್ದಾಗ ಬಂದ ಉಪ್ಪು, ಮರಳು ನೋಡಿದರೆ ಆಶ್ಚರ್ಯವಾಗುತ್ತಿತ್ತು. ಬರೀ ಉಪ್ಪು ಬಿಸಿನೀರಿಗೇ ಕರಗುತ್ತದೆ. ಸುಣ್ಣದ ಹಾಗೆ ಗಟ್ಟಿ ಪದರ ಇದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆಯಿರಿ. ಇಡೀ ರಾತ್ರಿ ಬಿಡಬೇಡಿ, ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ.

ಗೇರ್ ಬಾಕ್ಸಿನ ಎಣ್ಣೆಯನ್ನೂ ಇದೇ ದಿನ ಬದಲಿಸಿ. ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು. ಬಂದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ. ಫ್ಯಾನ್ ತೆಗೆದು ನೋಡಿ. ನಮ್ಮಲ್ಲಿ ನೈಲಾನ್ ಬಲೆಯ ಎಳೆ ಶಾಫ್ಟಿಗೆ ಸುತ್ತಿ ಸೀಲನ್ನೇ ಕೊಯ್ದಿತ್ತು. ಹೊಸ ಎಣ್ಣೆ ಎಸ್‌ಎಇ 90 ಹೈಪಾಯ್ಡ್ ಗೇರ್ ಆಯಿಲ್. ಅದನ್ನು ಕೆಳಗಿನ ತೂತಿನಿಂದಲೇ ತುಂಬಬೇಕು, ಮೇಲಿನ ತೂತಿನಲ್ಲಿ ಬರುವವರೆಗೆ. ಮೇಲಿನಿಂದ ಹೊಯ್ದರೆ ಗಾಳಿ ಒಳಗೇ ಉಳಿಯುತ್ತದೆ. ತುಂಬಿದ ಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು.

ಕಿಡಿ

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಇಟ್ಟು, ಹಗ್ಗ ಎಳೆದು ನೋಡಿ. ಪ್ಲಗ್ ತೂತಿನಿಂದ ದೂರ ಇರಲಿ, ಹತ್ತಿರದಲ್ಲಿ ಪೆಟ್ರೋಲ್ ಬೇಡ. ನೆರಳಿನಲ್ಲಿ ನೀಲಿ ಕಿಡಿ ಕಾಣಬೇಕು. ಕ್ಯಾಪನ್ನು ಎಲ್ಲೂ ತಾಗಿಸದೆ ನೇತಾಡಲು ಬಿಟ್ಟು ಹಗ್ಗ ಎಳೆಯಬೇಡಿ. ಹೋಗಲು ದಾರಿ ಸಿಗದ ವಿದ್ಯುತ್ತು ಸಿಡಿಐಯನ್ನೇ, ಅಂದರೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ ಸುಡಬಹುದು.

ನಮಗೆ ಎರಡರಲ್ಲೂ ಕಿಡಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ಸಿಡಿಐ ಹೋಗಿದೆ ಅಂತ ತೀರ್ಮಾನ ಮಾಡುವವರು ಜಾಸ್ತಿ, ಅದು ದುಬಾರಿ ಸಾಮಾನು. ಮೊದಲು ಇಂಜಿನ್ ನಿಲ್ಲಿಸುವ ಬಟನ್ನಿನ ತಂತಿ ಬಿಚ್ಚಿ ನೋಡಿ. ಆ ಬಟನ್ ಮಾಡುವ ಕೆಲಸ ಕಿಡಿಯನ್ನು ಇಂಜಿನ್ನಿನ ಮೈಗೆ ಹರಿಸಿಬಿಡುವುದು. ಒಳಗೆ ಉಪ್ಪು ಕೂತರೆ ಯಾರೂ ಒತ್ತದೆಯೂ ಒತ್ತಿದ ಹಾಗೆಯೇ ಇರುತ್ತದೆ. ಬಟನ್ನಿನಿಂದ ಬರುವ ಬಿಳಿ ತಂತಿ ಬಿಚ್ಚಿ ಹಗ್ಗ ಎಳೆದಾಗ ಎರಡೂ ಪ್ಲಗ್ಗಿನಲ್ಲಿ ಟಿಕ್ ಟಿಕ್ ಅಂತ ನೀಲಿ ಕಿಡಿ ಬಂತು. ಹೊಸ ಬಟನ್ ಹಾಕಿ, ಇಂಜಿನ್ನಿನ ಮೈಗೆ ಬೋಲ್ಟ್ ಮಾಡಿದ ಕಪ್ಪು ತಂತಿಗಳ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯಿಸಿದೆವು. ಅಷ್ಟೇ.

ಇನ್ನೂ ಹಳೆಯ ಇಂಜಿನ್‌ಗಳಲ್ಲಿ ಸಿಡಿಐ ಇರುವುದಿಲ್ಲ. ಫ್ಲೈವೀಲಿನ ಕೆಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಇರುತ್ತದೆ, ಹಳೆ ಸ್ಕೂಟರಿನ ಹಾಗೆ. ಪಾಯಿಂಟಿನ ಮುಖಕ್ಕೆ ಬೂಷ್ಟು ಹಿಡಿದಂಥ ಪದರ ಬಂದಿರುತ್ತದೆ. ನಯವಾದ ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಬಹಳಷ್ಟು ಸಲ ಕಿಡಿ ಬರುತ್ತದೆ. ಆದರೆ ಫ್ಲೈವೀಲ್ ತೆಗೆಯಲು ಅದನ್ನು ಎಳೆದು ಬಿಡಿಸುವ ಸಾಧನ, ಪುಲ್ಲರ್, ಬೇಕೇ ಬೇಕು. ಸುತ್ತಿಗೆ ಹೊಡೆಯಬೇಡಿ.

ಪ್ಲಗ್ ಬಗ್ಗೆ ಒಂದು ಮಾತು. ಎನ್‌ಜಿಕೆ ಪ್ಲಗ್ಗಿನಲ್ಲಿ ನಡುವಿನ ಸಂಖ್ಯೆ ಚಿಕ್ಕದಾದಷ್ಟೂ ಪ್ಲಗ್ ಜಾಸ್ತಿ ಬಿಸಿಯಾಗಿ ಉರಿಯುತ್ತದೆ. ಬಿ7ಎಚ್‌ಎಸ್‌ಗಿಂತ ಬಿ6ಎಚ್‌ಎಸ್ ಬಿಸಿ. ಸಿಕ್ಕಿದ್ದನ್ನು ಹಾಕಬೇಡಿ, ನಿಮ್ಮ ಮಾಡೆಲಿಗೆ ಹೇಳಿದ್ದನ್ನೇ ಹಾಕಿ.

ಪೆಟ್ರೋಲ್, ಸೀಮೆಎಣ್ಣೆ, ಕಾರ್ಬೊರೇಟರ್

ಹಳೆ ಟ್ಯಾಂಕಿನಲ್ಲಿ ಏನಿದ್ದರೂ ಚೆಲ್ಲಬೇಕು. ಅದನ್ನು ಬೇರೆ ಯಾವುದಕ್ಕೂ ಉಳಿಸಬೇಡಿ, ಹೊಳೆಗಂತೂ ಸುರಿಯಲೇಬೇಡಿ. ರಬ್ಬರ್ ಪೈಪ್, ಕೈಯಲ್ಲಿ ಒತ್ತುವ ಬಲ್ಬ್ ಎರಡೂ ಹೊಸದೇ ಇರಲಿ. ಹಳೆ ಪೈಪ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಸಿಪ್ಪೆ ಏಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ಬೇಕಾದಷ್ಟೇ ತನ್ನಿ, ತಂದದ್ದನ್ನು ಬೇಗ ಮುಗಿಸಿ. ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು.

ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ಜೋನಿ ಬೆಲ್ಲದಂಥ ಅಂಟು ಇತ್ತು. ಹಳೆ ಪೆಟ್ರೋಲ್ ಆರಿ ಹೋಗಿ ಉಳಿಯುವುದು ಇದೇ. ಬಿಚ್ಚುವ ಮೊದಲು ಬದಿಯ ಸಣ್ಣ ಸ್ಕ್ರೂವನ್ನು ಪೂರ್ತಿ ಒಳಗೆ ಮೆಲ್ಲಗೆ ತಿರುಗಿಸಿ, ಎಷ್ಟು ಸುತ್ತು ಆಯಿತು ಅಂತ ಗೋಡೆಯ ಮೇಲೆ ಬರೆದಿಡಿ. ಕೊನೆಗೆ ಅಷ್ಟೇ ಸುತ್ತು ಹೊರಗೆ ಬಿಡಬೇಕು. ಲೋಹದ ಭಾಗಗಳನ್ನು ಮಾತ್ರ ಥಿನ್ನರಿನಲ್ಲಿ ನೆನೆಹಾಕಿ. ಫ್ಲೋಟ್, ರಬ್ಬರ್, ಗ್ಯಾಸ್ಕೆಟ್ ಬೇಡ. ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ಸಣ್ಣ ನಳಿಗೆ) ತೂತಿಗೆ ಸೂಜಿ, ಪಿನ್ನು ಚುಚ್ಚಬೇಡಿ. ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕರೆಂಟ್ ವಯರಿನ ಒಳಗಿನ ತಾಮ್ರದ ಒಂದೇ ಎಳೆ ಸಾಕು. ಆಮೇಲೆ ಟಯರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿ. ಜೆಟ್ಟನ್ನು ಬೆಳಕಿಗೆ ಹಿಡಿದರೆ ತೂತು ದುಂಡಗೆ, ಸ್ವಚ್ಛವಾಗಿ ಕಾಣಬೇಕು.

ಸೀಮೆಎಣ್ಣೆ ತಣ್ಣಗಿರುವಾಗ ಪೆಟ್ರೋಲಿನ ಹಾಗೆ ಆವಿಯಾಗುವುದಿಲ್ಲ. ಅದಕ್ಕೇ ಪೆಟ್ರೋಲಿನಲ್ಲಿ ಶುರು ಮಾಡಿ, ಇಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬರುವುದು. ನಿಲ್ಲಿಸುವ ಎರಡು ಮೂರು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು, ಇಲ್ಲದಿದ್ದರೆ ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದು ನಾಳೆ ಸ್ಟಾರ್ಟ್ ಆಗದು. ಹಳೆ ಇಂಜಿನ್ ಎಬ್ಬಿಸುವಾಗ ಸೀಮೆಎಣ್ಣೆಯ ಸುದ್ದಿಗೇ ಹೋಗಬೇಡಿ. ಪೂರ್ತಿ ಪೆಟ್ರೋಲಿನಲ್ಲೇ ಪರೀಕ್ಷೆ ಮಾಡಿ. ಹಾಗೆಯೇ, ನಿಮ್ಮದು ಬರೀ ಪೆಟ್ರೋಲ್ ಇಂಜಿನ್ ಆಗಿದ್ದರೆ ಹಣ ಉಳಿಸಲಿಕ್ಕೆ ಸೀಮೆಎಣ್ಣೆ ಹಾಕಬೇಡಿ. ಅದರ ಕಂಪ್ರೆಷನ್ ಜಾಸ್ತಿ, ಒಳಗೆ ಬಡಿದು ಪಿಸ್ಟನ್ ತೂತಾಗುತ್ತದೆ.

ಮೊದಲ ಓಟಕ್ಕೆ ಲೀಟರಿಗೆ 40 ಮಿಲಿ 2ಟಿ ಎಣ್ಣೆ ಹಾಕಿದೆ, ಅಂದರೆ 25ಕ್ಕೆ 1. ಔಟ್‌ಬೋರ್ಡಿಗೆ ಅಂತಲೇ ಮಾಡಿದ, ಟಿಸಿ-ಡಬ್ಲ್ಯೂ3 ಅಂತ ಬರೆದ ಎಣ್ಣೆ ಸಿಕ್ಕಿದರೆ ಅದೇ ಒಳ್ಳೆಯದು. ಹೊಗೆ ಜಾಸ್ತಿ ಬಂದರೂ ಚಿಂತೆಯಿಲ್ಲ. ಆಮೇಲೆ ನಿಮ್ಮ ಇಂಜಿನ್ನಿಗೆ ಹೇಳಿದ ಪ್ರಮಾಣಕ್ಕೆ ಬನ್ನಿ.

ಡ್ರಮ್ಮಿನಲ್ಲಿ

200 ಲೀಟರಿನ ಡ್ರಮ್ಮಿನ ಬಾಯಿ ಕತ್ತರಿಸಿ, ಇಂಜಿನ್ ನೇತುಹಾಕಿದ ಹಲಗೆಯ ಕೆಳಗಿಟ್ಟು, ಬಾವಿ ನೀರು ತುಂಬಿದೆವು. ನೀರು ಫ್ಯಾನಿನ ಮೇಲಿರುವ ಅಡ್ಡ ತಟ್ಟೆಗಿಂತ ಒಂದು ಗೇಣಾದರೂ ಮೇಲಿರಬೇಕು. ಡ್ರಮ್ಮಿನಲ್ಲಿ ಓಡಿಸುವಾಗ ಫ್ಯಾನ್ ಬಿಚ್ಚಿಡಿ. ಕೊಟ್ಟಿಗೆಯೊಳಗೆ ಬೇಡ, ಹೊರಗೆ ಅಂಗಳದಲ್ಲಿ ಮಾಡಿ. ಈ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ. ಪಕ್ಕದಲ್ಲಿ ಎರಡು ಬಕೆಟ್ ಒಣ ಮರಳು ಇರಲಿ.

ಚೋಕ್ ಪೂರ್ತಿ ಎಳೆದು, ಬಲ್ಬ್ ಗಟ್ಟಿಯಾಗುವವರೆಗೆ ಒತ್ತಿ, ಹಗ್ಗ ಎಳೆದೆ. ಮೂರನೇ ಸಲಕ್ಕೆ ಒಂದು ಕೆಮ್ಮು. ಚೋಕ್ ಅರ್ಧ ಮಾಡಿ ಮತ್ತೆ ಎಳೆದೆ. ಏಳನೇ ಸಲಕ್ಕೆ ಹಿಡಿಯಿತು. ಸಿಲಿಂಡರಿಗೆ ಹಾಕಿದ್ದ ಎಣ್ಣೆ ಉರಿದು ಅಂಗಳವಿಡೀ ಬಿಳಿ ಹೊಗೆ. ತಮ್ಮ ಕುಣಿದಾಡುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಿದ್ದರು, ಹೊಗೆಗೋ ಅಳುವಿಗೋ ನನಗೆ ತಿಳಿಯಲಿಲ್ಲ. ಅಪ್ಪಯ್ಯ ಮಾತ್ರ ಜಗಲಿಯಿಂದ ಕೂಗುತ್ತಿದ್ದರು: "ನೀರ್ ಬತ್ತಾ? ನೀರ್ ಬತ್ತಾ ಕಾಣ್!"

ಒಂದು ನಿಮಿಷದೊಳಗೆ ಹಿಂದಿನ ತೂತಿನಿಂದ ನೀರಿನ ಎಳೆ ಬೀಳಬೇಕು. ಬೀಳದಿದ್ದರೆ ಆ ಕ್ಷಣ ನಿಲ್ಲಿಸಿ. ನಮಗೆ 20 ಸೆಕೆಂಡಿಗೇ ಬಂತು, ಬೆರಳಿನಷ್ಟು ದಪ್ಪ. ಆದರೂ ಎಳೆಯನ್ನೇ ನಂಬಿ ಕೂರಬೇಡಿ. ಸಿಲಿಂಡರಿನ ತಲೆಯ ಮೇಲೆ ಆಗಾಗ ಎರಡು ಹನಿ ನೀರು ಹಾಕಿ. ಚುರ್ ಅಂದರೆ ಮೇಲೆ ನೀರು ತಲುಪುತ್ತಿಲ್ಲ ಅಂತ ಅರ್ಥ.

ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಪ್ಲಗ್ ತೆಗೆದು ನೋಡಿ. ಎರಡೂ ಕಂದು ಬಣ್ಣ ಇದ್ದರೆ ಸರಿ. ಒಂದು ಒದ್ದೆ, ಒಂದು ಒಣಗಿದ್ದರೆ ಒದ್ದೆ ಇರುವ ಸಿಲಿಂಡರ್ ಉರಿಯುತ್ತಿಲ್ಲ. ಮೊದಲು ಪ್ಲಗ್‌ಗಳನ್ನು ಅದಲು ಬದಲು ಮಾಡಿ. ತೊಂದರೆಯೂ ಜೊತೆಗೆ ಸರಿದರೆ ಪ್ಲಗ್ಗಿನದೇ ತಪ್ಪು.

ಹೊಳೆಗೆ

ದೋಣಿಗೆ ಕಟ್ಟಿದ ಮೇಲೆ ಕ್ಲಾಂಪ್ ಜೊತೆಗೆ ಒಂದು ಗಟ್ಟಿ ಹಗ್ಗವನ್ನೂ ಇಂಜಿನ್ನಿಗೂ ದೋಣಿಗೂ ಬಿಗಿಯಿರಿ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಹುಟ್ಟು ಬಿಟ್ಟು ಹೋಗಬೇಡಿ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಕಡೆ ಮೊದಲ ದಿನ ತಲೆಯೂ ಹಾಕಬೇಡಿ. ಅಲ್ಲಿ ಇಂಜಿನ್ ನಿಂತರೆ ತೆರೆ ಕಾಯುವುದಿಲ್ಲ.

ಅಪ್ಪಯ್ಯ ಹೇಳಿಕೊಟ್ಟ ಲೆಕ್ಕ ಇದು. ಹೋಗುವಾಗ ನೀರಿನ ಎಳೆತಕ್ಕೆ ಎದುರಾಗಿ ಹೋಗು. ಇಂಜಿನ್ ಕೈಕೊಟ್ಟರೂ ನೀರೇ ಮನೆಗೆ ತಂದು ಬಿಡುತ್ತದೆ. ನಾವು ಇಳಿತ ಶುರುವಾದ ಮೇಲೆ ಹೊರಟು ಮೇಲ್ಗಡೆ ಕುದ್ರುವಿನವರೆಗೆ (ಹೊಳೆಯ ನಡುವಿನ ದ್ವೀಪ) ಹೋದೆವು. ಅಪ್ಪಯ್ಯ ಹಠ ಮಾಡಿ ದೋಣಿಯಲ್ಲಿ ಕೂತಿದ್ದರು. ಮೊದಲರ್ಧ ಗಂಟೆ ಅರ್ಧ ವೇಗಕ್ಕಿಂತ ಜಾಸ್ತಿ ಕೊಡಲು ಬಿಡಲಿಲ್ಲ. ಕುದ್ರುವಿನ ಹತ್ತಿರ ಅವರೇ ಹಿಂದೆ ಬಂದು ಹಿಡಿಕೆ ಹಿಡಿದರು.

ಬಂದ ಮೇಲೆ ಮಾಡುವ ಕೆಲಸ ಹೋಗುವ ಮೊದಲಿನದಕ್ಕಿಂತ ಮುಖ್ಯ. ಮತ್ತೆ ಡ್ರಮ್ಮಿಗೆ ಸಿಹಿನೀರು ತುಂಬಿ ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪು ತೊಳೆಯಬೇಕು. ಕೊನೆಗೆ ಪೆಟ್ರೋಲ್ ಪೈಪ್ ಬಿಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ನಿಲ್ಲುವವರೆಗೆ ಬಿಡಬೇಕು. ಇಂಜಿನ್ನನ್ನು ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರೆಲ್ಲ ಇಳಿದುಹೋಗುತ್ತದೆ. ಆಮೇಲೆ ಮುಚ್ಚಳದೊಳಗೆ ಎಣ್ಣೆ ಸವರಿ, ಕಣಜ ಬಾರದ ಹಾಗೆ ತೂತುಗಳಿಗೆ ಬಟ್ಟೆ ಸಿಕ್ಕಿಸಿ ಇಡಿ.

ಆ ಸಂಜೆ ಹತ್ತು ನಿಮಿಷ ಆಯಿತೆಂದು ನಾನು ನಿಲ್ಲಿಸಲು ಹೊರಟೆ. ಅಪ್ಪಯ್ಯ ಬೀಳುವ ನೀರಿನ ಎಳೆಗೆ ಬೆರಳು ಹಿಡಿದು, ನಾಲಿಗೆಗೆ ಮುಟ್ಟಿಸಿದರು.

"ಇನ್ನೂ ಉಪ್ಪ್ ಇತ್ತ್," ಅಂದರು.

ಡ್ರಮ್ಮಿನ ನೀರು ಚೆಲ್ಲಿ, ಬಾವಿಯಿಂದ ಮತ್ತೆ ಸೇದಿ ತುಂಬಿದೆವು.